ಕೋಟೆಗೊಬ್ಬ ಒಡೆಯ, ಹಳಿಗಿಬ್ಬರು

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆಯನ್ನು ದಾಟಿ ಮುಂದೆ ಸಾಗಿತೆಂದರೆ, ಬಯಲಿನ ನಡುವೆ ಒಂದೇ ಬಂಡೆಯಾಗಿ ಮೇಲೆದ್ದ ಮಧುಗಿರಿಯ ಬೆಟ್ಟ ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟದಿಂದ ಅದರ ನೆತ್ತಿಗೆ ಸುಮಾರು 3,930 ಅಡಿ. ಏಷ್ಯಾ ಖಂಡದಲ್ಲೇ ಇದು ಎರಡನೆಯ ದೊಡ್ಡ ಏಕಶಿಲೆಯೆಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅಳತೆಯ ವಾದ ಹೇಗಾದರೂ ಇರಲಿ, ಆ ಬಂಡೆಯ ಮೈಮೇಲೆ ಬಾಗಿಲಿನ ಮೇಲೆ ಬಾಗಿಲು, ಗೋಡೆಯ ಮೇಲೆ ಗೋಡೆ ಎಂಬಂತೆ ಹತ್ತಿಹೋದ ಕೋಟೆಯನ್ನು ಕಂಡವರು ಅದನ್ನು ಸುಲಭವಾಗಿ ಮರೆಯಲಾರರು.

ಈ ಮಧುಗಿರಿ, ಮತ್ತು ಶಿರಾ, ಕೊರಟಗೆರೆ, ಪಾವಗಡ - ಇವು ನಾಲ್ಕೂ ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ನಾಲ್ಕಕ್ಕೂ ಕೋಟೆಯ ಚರಿತ್ರೆಯುಂಟು. ನಾಲ್ಕಕ್ಕೂ ಮಳೆಯ ಕೊರತೆಯುಂಟು. ಬೆಂಗಳೂರಿನಿಂದ ಕೆಲವೇ ಗಂಟೆಗಳ ಹಾದಿಯಲ್ಲಿದ್ದರೂ, ಮೈಸೂರು ಸೀಮೆಯಲ್ಲಿ ಹಬೆಬಂಡಿ ಓಡಾಡತೊಡಗಿ ಒಂದು ಶತಮಾನ ಕಳೆದ ಮೇಲೂ ಇವುಗಳಲ್ಲಿ ಒಂದರ ಪೇಟೆಗೂ ರೈಲಿನ ಕೂಗು ಕೇಳಿಸಲಿಲ್ಲ. ಈಗ ಒಂದಲ್ಲ, ಎರಡು ರೈಲುದಾರಿಗಳಿಗೆ ಮಂಜೂರಾತಿ ದೊರೆತು ವರ್ಷಗಳೇ ಸಂದಿವೆ. ಬರುವ ರೈಲಿನ ಖರ್ಚನ್ನು ಕೊಡುವವರಾರು, ಇರುವ ಕೋಟೆಯನ್ನು ಕಾಯುವವರಾರು, ಈ ಎರಡರ ನಡುವೆ ಊರಿನ ಪುರಸಭೆಯ ಮಾತು ನಡೆಯುವುದೆಷ್ಟು ಎಂಬ ಪ್ರಶ್ನೆಗಳು ಇಲ್ಲಿ ಒಂದರೊಡನೊಂದು ಹೆಣೆದುಕೊಂಡಿವೆ.

ರಾಜಧಾನಿಯಾಗಿದ್ದ ಶಿರಾ

ಇಂದು ಪುಣೆಯ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುವವರಿಗೆ ಶಿರಾ ಎಂದರೆ ಕಾಫಿ ಕುಡಿಯಲು ನಿಲ್ಲುವ ಒಂದು ಊರು. ಹೆದ್ದಾರಿ ಊರಿನ ಹೊರಗಿನಿಂದಲೇ ಹಾದುಹೋದ ಮೇಲೆ, ಅಷ್ಟಕ್ಕೂ ನಿಲ್ಲದೆ ಹೋಗುವವರೇ ಹೆಚ್ಚು. ಆದರೆ 1687ರಿಂದ ಮುಂದೆ ಎಪ್ಪತ್ತು ವರ್ಷಗಳ ಕಾಲ ಈ ಶಿರಾ ಮೊಗಲರ ಒಂದು ಸುಬಾದ ರಾಜಧಾನಿ. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮತ್ತು ಶಿರಾ ಎಂಬ ಏಳು ಪರಗಣೆಗಳ ಲೆಕ್ಕಪತ್ರ ಬಂದು ಸೇರುತ್ತಿದ್ದುದು ಇಲ್ಲಿಗೆ. ಔರಂಗಜೇಬನ ಸೇನಾನಿ ಕಾಸಿಂಖಾನ್ ಇಲ್ಲಿನ ಮೊದಲ ಅಧಿಕಾರಿ.

ಅದಕ್ಕೂ ಮುಂಚೆ ಇಲ್ಲಿ ಕೋಟೆಗೆ ಕೈಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಕೋಟೆ ಪೂರ್ತಿಯಾಗುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾಖಾನನ ಕೈಗೆ ಊರು ಬಿತ್ತು. ಬಿಜಾಪುರದ ಪರವಾಗಿ ಆಳಿದ ಮಲಿಕ್ ರಿಹಾನ್ 1651ರಲ್ಲಿ ತೀರಿಕೊಂಡ. ಅವನ ಗೋರಿಯ ಕಟ್ಟಡ ಇಂದಿಗೂ ಇದೆ. ಕಡೆದ ಕಲ್ಲಿನ ಜುಮ್ಮಾ ಮಸೀದಿ 1696ರದು. ಹದಿನೆಂಟನೆಯ ಶತಮಾನದಲ್ಲಿ ದಿಲಾವರ್‌ಖಾನನ ದೀರ್ಘವಾದ ಆಡಳಿತ ಶಿರಾದ ಪಾಲಿಗೆ ಏಳಿಗೆಯ ಕಾಲ. ಆಗ ಊರಿನಲ್ಲಿ 50,000 ಮನೆಗಳಿದ್ದುವೆಂದು ಹಳೆಯ ಗೆಜೆಟಿಯರ್ ಬರೆಯುತ್ತದೆ. ಸಂಖ್ಯೆ ತುಸು ಉತ್ಪ್ರೇಕ್ಷೆಯದೇ ಇರಬಹುದು. 2011ರ ಜನಗಣತಿಯಲ್ಲಿ ಶಿರಾದ ಒಟ್ಟು ಜನಸಂಖ್ಯೆಯೇ ಐವತ್ತು ಸಾವಿರಕ್ಕಿಂತ ತುಸು ಮೇಲೆ! ದಿಲಾವರ್‌ಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿದರೆಂದೂ, ಇಲ್ಲಿನ ಖಾನ್‌ಬಾಗ್ ಎಂಬ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯಾಯಿತೆಂದೂ ಹೇಳಿಕೆ. ನಕಲುಗಳನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ. ಅಸಲನ್ನು ನೋಡಲು ಶಿರಾಕ್ಕೆ ಹೋದರೆ ಅಲ್ಲಿ ಅರಮನೆಯೂ ಇಲ್ಲ, ತೋಟವೂ ಇಲ್ಲ.

1761ರಲ್ಲಿ ನಿಜಾಮನ ತಮ್ಮ ಬಸಾಲತ್‌ಜಂಗ್ ಮೂರು ಲಕ್ಷ ರೂಪಾಯಿಯ ನಜರಾನೆಗೆ ಹೈದರಾಲಿಗೆ ಶಿರಾದ ನವಾಬನೆಂಬ ಪದವಿ ಕೊಟ್ಟ. ಆಗ ಊರು ಇನ್ನೂ ಹೈದರನ ಕೈಯಲ್ಲಿರಲಿಲ್ಲ, ಕೊಟ್ಟವನ ಕೈಯಲ್ಲಿಯೂ ಇರಲಿಲ್ಲವೆಂಬುದು ಚರಿತ್ರೆಯ ವಿನೋದ. ಆಮೇಲೆ ಮರಾಠರು, ಮತ್ತೆ 1774ರಲ್ಲಿ ಟಿಪ್ಪು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮನ್ನು ತುಂಬಿಸುವುದಕ್ಕಾಗಿ ಶಿರಾದಿಂದ 12,000 ಮನೆತನಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ಗೆಜೆಟಿಯರಿನ ಹೇಳಿಕೆ. ಎಲ್ಲೋ ದೂರದಲ್ಲಿ ಕೈಗೊಂಡ ಒಂದು ನಿರ್ಣಯ ಊರನ್ನು ಎಬ್ಬಿಸುವುದಕ್ಕೂ ಕೆಡಹುವುದಕ್ಕೂ ಸಾಕು ಎಂಬುದನ್ನು ಶಿರಾ ಆಗಲೇ ಕಂಡಿತ್ತು.

ಮಧುಗಿರಿಯ ಕಥೆ ಇನ್ನೊಂದು ಬಗೆಯದು. ಹಳೆಯ ದಾಖಲೆಗಳಲ್ಲಿ ಅದು ಮದ್ದಗಿರಿ. ಇಲ್ಲಿನ ಗೌಡಪ್ರಭುಗಳಿಂದ 1678ರಲ್ಲಿ ಚಿಕ್ಕದೇವರಾಜ ಒಡೆಯರ ದಂಡು ಕೋಟೆಯನ್ನು ಗೆದ್ದುಕೊಂಡಿತು. ಹೈದರನು ಕೋಟೆಯನ್ನು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಹಿಡಿದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಸೆರೆಯಿಟ್ಟುದು ಈ ಬಂಡೆಯ ಮೇಲೆಯೇ. ಮಲೆನಾಡಿನ ಮಳೆಕಾಡನ್ನು ಕಂಡ ಕಣ್ಣುಗಳು ನಾಲ್ಕು ವರ್ಷ ಈ ಬೋಳುಬೆಟ್ಟದ ಮೇಲಿನಿಂದ ಬಯಲನ್ನು ನೋಡಿದುವು. 1767ರಲ್ಲಿ ಮರಾಠರು ಬಿಡಿಸಿದರು. ಪುಣೆಗೆ ಹೋಗುವ ಹಾದಿಯಲ್ಲಿ ರಾಣಿ ಕೊನೆಯುಸಿರೆಳೆದಳು.

ರೈಲು ಎಡಕ್ಕೆ ತಿರುಗಿತು

ಬೆಂಗಳೂರಿನಿಂದ ಪುಣೆಗೆ ಹೋಗುವ ಹಳೆಯ ದಾರಿ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆಗಳ ಮೇಲೆಯೇ ಹಾಯುತ್ತದೆ. ಎತ್ತಿನ ಗಾಡಿಗೂ ದಂಡಿಗೂ ಅದೇ ದಾರಿ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. ಅಲ್ಲಿಂದ ಅದು ಶಿರಾದ ದಾರಿಯನ್ನು ಹಿಡಿದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಹಳಿ ಎಡಕ್ಕೆ ತಿರುಗಿ ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರುಗಳ ಮೇಲೆ ಹಾಯ್ದು 1889ರಲ್ಲಿ ಹರಿಹರವನ್ನು ಸೇರಿತು. ಕೊಬ್ಬರಿಯ ತಿಪಟೂರು ಬೆಳೆಯಿತು, ಅರಸೀಕೆರೆ ಜಂಕ್ಷನ್ ಆಯಿತು. ಪೂರ್ವದಲ್ಲಿ 1890ರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರಗಳ ಮೇಲೆ ಗುಂತಕಲ್ಲಿನತ್ತ ಇನ್ನೊಂದು ದಾರಿ ಹೋಯಿತು. ಎರಡು ಹಳಿಗಳ ನಡುವಿನ ಅಗಲವಾದ ಸೀಮೆಯಲ್ಲಿ ನಮ್ಮ ಈ ನಾಲ್ಕು ತಾಲ್ಲೂಕುಗಳು ಉಳಿದುಬಿಟ್ಟುವು. ಮಧುಗಿರಿಯವರಿಗೆ ಹತ್ತಿರದ ಸ್ಟೇಷನ್ ಗೌರಿಬಿದನೂರು; ಪಾವಗಡದವರಿಗೆ ಆಂಧ್ರದ ಊರುಗಳು.

ಆ ಕಾಲದ ಸಣ್ಣ ರೈಲುದಾರಿಗಳ ವಿಷಯದಲ್ಲಿ ಒಂದು ಸಂಗತಿಯನ್ನು ಇಂದಿನವರು ತಿಳಿಯತಕ್ಕದ್ದಿದೆ. ಹಳೆಯ ಮೈಸೂರಿನಲ್ಲಿ ಜಿಲ್ಲಾ ಬೋರ್ಡು ತಾನೇ ಮುಂದೆ ನಿಂತು ರೈಲುದಾರಿ ಹಾಕಿಸಿದ ಉದಾಹರಣೆಯುಂಟು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಓಡತೊಡಗಿದ ಎರಡೂವರೆ ಅಡಿ ಅಗಲದ ಸಣ್ಣ ರೈಲಿನ ಹೆಸರೇ ಕೋಲಾರ ಜಿಲ್ಲಾ ಬೋರ್ಡ್ ರೈಲ್ವೆ. ತಮ್ಮ ಜಿಲ್ಲೆಗೆ ರೈಲು ಬೇಕೇ ಎಂಬ ಚರ್ಚೆಯಲ್ಲಿ ಜಿಲ್ಲೆಯ ಸದಸ್ಯರಿಗೂ ಒಂದು ಪಾಲಿತ್ತು. ರೈಲು ನಿಧಾನವಾಗಿತ್ತೆಂಬುದು ನಿಜ. ಹತ್ತಿದವರು ಇಳಿದು ನಡೆದರೂ ಅದಕ್ಕಿಂತ ಮುಂಚೆ ತಲುಪುತ್ತಾರೆಂದು ಇಂಥ ಸಣ್ಣ ರೈಲುಗಳನ್ನು ಜನ ಹಾಸ್ಯ ಮಾಡುವುದು ಎಲ್ಲ ಕಡೆಯೂ ಇದ್ದದ್ದೇ. ಆದರೂ ಕೇಳಿದವರೂ ಕೊಟ್ಟವರೂ ಹತ್ತಿರದವರಾಗಿದ್ದರು. 1959ರ ಕಾಯಿದೆಯಿಂದಾಗಿ ಜಿಲ್ಲಾ ಬೋರ್ಡುಗಳು ಮುಗಿದುವು. ಅನಂತರ ಬಂದ ಜಿಲ್ಲಾ ಪರಿಷತ್ತಿಗಾಗಲಿ, 1993ರ ಕಾಯಿದೆಯ ಜಿಲ್ಲಾ ಪಂಚಾಯತಿಗಾಗಲಿ ರೈಲಿನ ಗೊಡವೆಯೇ ಇಲ್ಲ.

ಅರ್ಧ ನಿನ್ನದು, ಅರ್ಧ ನನ್ನದು

ತುಮಕೂರು-ರಾಯದುರ್ಗ ರೈಲುದಾರಿಗೆ 2007-08ರಲ್ಲಿ ಮಂಜೂರಾತಿ ದೊರೆಯಿತು. ಉದ್ದ ಸುಮಾರು 206 ಕಿ.ಮೀ. ಕೊರಟಗೆರೆ, ಮಧುಗಿರಿ, ಆಂಧ್ರದ ಮಡಕಶಿರಾ, ಮತ್ತೆ ಕರ್ನಾಟಕದ ಪಾವಗಡ, ಮತ್ತೆ ಆಂಧ್ರದ ಕಲ್ಯಾಣದುರ್ಗ, ರಾಯದುರ್ಗ - ಹೀಗೆ ಅದು ರಾಜ್ಯದ ಗಡಿಯನ್ನು ಹೊಲಿಗೆಯ ದಾರದಂತೆ ಒಳಗೂ ಹೊರಗೂ ಹಾಯುತ್ತದೆ. ಪಾವಗಡ ತಾಲ್ಲೂಕನ್ನು ಬಹುಪಾಲು ಎಲ್ಲ ಕಡೆಯಿಂದಲೂ ಆಂಧ್ರದ ನೆಲ ಸುತ್ತುವರಿದಿರುವುದರಿಂದ ಬೇರೆ ದಾರಿಯೂ ಇಲ್ಲ. ಎರಡನೆಯದು ತುಮಕೂರು-ದಾವಣಗೆರೆ ದಾರಿ. 2011-12ರಲ್ಲಿ ಮಂಜೂರಾದುದು, ಸುಮಾರು 190 ಕಿ.ಮೀ. ಶಿರಾ, ಹಿರಿಯೂರು, ಚಿತ್ರದುರ್ಗ - ಅದೇ ಹಳೆಯ ಗಾಡಿದಾರಿ! ಒಂದೂಕಾಲು ಶತಮಾನ ಅರಸೀಕೆರೆಯ ಸುತ್ತು ಹೊಡೆದ ಮೇಲೆ ರೈಲು ನೇರವಾದ ದಾರಿಗೆ ಮರಳುತ್ತಿದೆ.

ಹಣದ ಏರ್ಪಾಡನ್ನು ಗಮನಿಸಬೇಕು. ರೈಲ್ವೆ ಕೇಂದ್ರದ ಇಲಾಖೆ. ಹಳಿ, ಸ್ಟೇಷನ್, ಟಿಕೆಟಿನ ವರಮಾನ ಎಲ್ಲವೂ ಕೇಂದ್ರದ್ದು. ಆದರೆ ಈ ದಾರಿಗಳ ಕಾಮಗಾರಿಯ ಅರ್ಧ ವೆಚ್ಚ ರಾಜ್ಯದ್ದೆಂದೂ, ಭೂಮಿಯನ್ನು ರಾಜ್ಯವೇ ಕೊಳ್ಳತಕ್ಕದ್ದೆಂದೂ ಒಪ್ಪಂದ. ಲಾಭ ಬಾರದೆಂದು ರೈಲ್ವೆ ಇಲಾಖೆ ಬದಿಗಿಟ್ಟ ದಾರಿಗಳನ್ನು ಎಬ್ಬಿಸಲು ಕರ್ನಾಟಕ ಸರ್ಕಾರ ತಾನಾಗಿ ಹೊತ್ತುಕೊಂಡ ಹೊರೆ ಇದು. ಅರ್ಧ-ಅರ್ಧ ಎಂಬುದು ಮಾತಿನಲ್ಲಿ ಮಾತ್ರ. ಜಮೀನಿನ ಬೆಲೆಯನ್ನೂ ಕೂಡಿಸಿದರೆ ರಾಜ್ಯದ ಕೈಯಿಂದ ಹೋಗುವುದು ಅರ್ಧಕ್ಕಿಂತ ಹೆಚ್ಚೇ. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆ ಹಳ್ಳಿಯ ಜಮೀನಿಗೆ ಕೊಡುವ ಪರಿಹಾರವನ್ನು ಬಹಳವಾಗಿ ಏರಿಸಿತು. ರೈತನ ದೃಷ್ಟಿಯಿಂದ ಅದು ನ್ಯಾಯವೇ. ಮಳೆ ನಂಬಿದ ಕಡಲೆಕಾಯಿ ಹೊಲವಾದರೂ ಅವನಿಗೆ ಅದೇ ಆಸ್ತಿ. ಆದರೆ ಎರಡು ದಾರಿಗಳಿಗೂ ಮಂಜೂರಾತಿ ಸಿಕ್ಕಿದ್ದು ಅದಕ್ಕೆ ಮುಂಚೆ. ಹೊಲ ಹಿಡಿಯಬೇಕಾದುದು ಬಹುಪಾಲು ಅನಂತರ. ಎಕರೆ ಎಕರೆಗೂ ನೋಟೀಸು, ಅಳತೆ, ತಕರಾರು, ಮೇಲ್ಮನವಿ. ವರ್ಷಗಳು ಉರುಳಿದುವು, ಅಂದಾಜು ಪಟ್ಟಿಯ ಮೊತ್ತವೂ ಏರುತ್ತಲೇ ಹೋಯಿತು.

ಹಳಿ ಮೊದಲು ಬಿದ್ದುದು ಆಂಧ್ರದ ಕಡೆಯಿಂದ. ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ರೈಲು ಬಂತು, ಮತ್ತೂ ಮುಂದೆ ಪಾವಗಡದ ಗಡಿಯತ್ತ ಸರಿಯಿತು. ತುಮಕೂರಿನ ಕಡೆಯಲ್ಲಿ ಬಹಳ ಕಾಲ ಭೂಮಿಯ ಲೆಕ್ಕಾಚಾರವೇ ನಡೆಯಿತು. 2024ರಲ್ಲಿ ತುಮಕೂರಿನಿಂದ ಲೋಕಸಭೆಗೆ ಆರಿಸಿಹೋದ ವಿ. ಸೋಮಣ್ಣನವರು ರೈಲ್ವೆಯ ರಾಜ್ಯ ಸಚಿವರಾದ ಮೇಲೆ ಎರಡೂ ಕಾಮಗಾರಿಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣತೊಡಗಿತು. ಒಂದು ಪ್ರದೇಶದ ರೈಲು ಆ ಪ್ರದೇಶದಿಂದ ಮಂತ್ರಿಯೊಬ್ಬರು ಬರುವವರೆಗೆ ಕಾಯಬೇಕಾಯಿತೆಂಬುದು ಸಂತೋಷದ ಮಾತೋ ವಿಷಾದದ ಮಾತೋ, ವಾಚಕರೇ ಯೋಚಿಸಬಹುದು.

ರೈಲು ಏಕೆ ಬೇಕೆಂದು ಕೇಳುವವರು ಸೋಮವಾರದ ಬೆಳಗಿನ ಜಾವ ಮಧುಗಿರಿಯ ಬಸ್ ನಿಲ್ದಾಣಕ್ಕೆ ಹೋಗಬೇಕು. ಬೆಂಗಳೂರಿನ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೊರಟವರು ಬಾಗಿಲಿಗೆ ಜೋತುಬಿದ್ದಿರುತ್ತಾರೆ. ಪಾವಗಡದಿಂದ ಜಿಲ್ಲಾಕೇಂದ್ರವಾದ ತುಮಕೂರಿಗೇ ಸುಮಾರು 100 ಕಿ.ಮೀ. ಒಂದು ಪಹಣಿಯ ತಿದ್ದುಪಡಿಗೆ ಮೇಲಧಿಕಾರಿಯನ್ನು ಕಾಣಬೇಕಾದರೂ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮಧುಗಿರಿಯನ್ನೇ ಬೇರೆ ಜಿಲ್ಲೆಯ ಕೇಂದ್ರ ಮಾಡಬೇಕೆಂಬ ಕೂಗು ಹುಟ್ಟಿದುದೂ ಈ ದೂರದಿಂದಲೇ.

ಬಿಸಿಲನ್ನು ಮಾರಿದ ಪಾವಗಡ

ಭೂಮಿಯ ಪ್ರಶ್ನೆಗೆ ಪಾವಗಡ ಬೇರೊಂದು ಉತ್ತರವನ್ನೂ ಕಂಡಿದೆ. ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರಶಕ್ತಿಯ ಫಲಕಗಳು ಹಾಸಿಕೊಂಡಿವೆ. 2015ರಲ್ಲಿ ರಚಿತವಾದ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ ಇದನ್ನು ಕೈಗೆತ್ತಿಕೊಂಡಿತು. 2018ರ ಮಾರ್ಚಿಯಲ್ಲಿ ಉದ್ಘಾಟನೆ, 2019ರ ಡಿಸೆಂಬರ್ ವೇಳೆಗೆ ಪೂರ್ಣ 2,050 ಮೆಗಾವಾಟ್. ಇಲ್ಲಿ ಸರ್ಕಾರ ರೈತರ ಜಮೀನನ್ನು ಕೊಳ್ಳಲಿಲ್ಲ; ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಬರಗಾಲದ ಪಟ್ಟಿಯಲ್ಲಿ ತಪ್ಪದೆ ಹೆಸರು ಬರುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು.

ಜಮೀನಿದ್ದವನಿಗೆ ಇದು ವರವಾಯಿತೆಂಬುದರಲ್ಲಿ ಸಂದೇಹವಿಲ್ಲ; ಪಹಣಿ ಅವನ ಹೆಸರಿನಲ್ಲಿಯೇ ಉಳಿಯಿತು, ಬಾಡಿಗೆ ಕೈಸೇರಿತು. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದ ಕೂಲಿಯವನಿಗೆ ಏನು ದೊರೆಯಿತು? ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸ ಕೆಲವರಿಗೆ. ಉಳಿದವರಿಗೆ ಬೆಂಗಳೂರಿನ ಬಸ್ಸು. ಕುರಿ ಮೇಯಿಸುವವರಿಗೆ ಬೇಲಿ. ಆದರೂ ರೈಲಿನ ಜಮೀನಿನ ತಕರಾರುಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಕೇಳುವ ರೀತಿಯಲ್ಲಿ ಕೇಳಿದರೆ ಪಾವಗಡದ ರೈತ ಭೂಮಿ ಕೊಡಲು ಹಿಂಜರಿಯಲಿಲ್ಲವೆಂಬುದು ಸ್ಪಷ್ಟ.

ಪುರಸಭೆಯ ಮೇಜಿನ ಮೇಲೆ

ಈಗ ಕೋಟೆಗಳತ್ತ ಮರಳೋಣ. ಮಧುಗಿರಿಯ ಕೋಟೆ, ಶಿರಾದ ಮಸೀದಿ, ಮಲಿಕ್ ರಿಹಾನನ ಗೋರಿ - ಇವು ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆ ಇವುಗಳಿಗೆ ಆಧಾರ. 2010ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವೇ ಕೂಡದೆಂದೂ, ಅಲ್ಲಿಂದಾಚೆ ಇನ್ನೂ 200 ಮೀಟರಿನವರೆಗೆ ಅನುಮತಿಯಿಲ್ಲದೆ ಕಟ್ಟಬಾರದೆಂದೂ ನಿಯಮವಾಯಿತು. ಕೇಂದ್ರದ ಪಟ್ಟಿಗೆ ಸೇರದ ಸ್ಮಾರಕಗಳಿಗಾಗಿ ರಾಜ್ಯದ್ದೇ ಆದ 1961ರ ಕಾಯಿದೆ ಬೇರೆ ಇದೆ. ಆದರೆ ಎರಡೂ ಪಟ್ಟಿಗಳಿಗೆ ಸೇರದ ಹಳೆಯ ಬುರುಜು, ಕಲ್ಯಾಣಿ, ಮಂಟಪ, ಊರಬಾಗಿಲುಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ. ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು ಬೆಟ್ಟಗಳ ಮೇಲೆ ಹತ್ತಿ ನೋಡಿದವರಿಗೆ ಗೊತ್ತು: ಒಂದು ಕಾಲಕ್ಕೆ ಚೋಳ ಮನೆತನವೊಂದು ತನ್ನ ಹೆಸರಿನೊಡನೆ ಸೇರಿಸಿಕೊಂಡ ನಿಡಗಲ್ಲಿನಲ್ಲಿ ಇಂದು ದಾರಿ ತೋರಿಸುವವನು ದನಗಾಹಿ.

ಸ್ಮಾರಕ ಕೇಂದ್ರದ್ದು, ರೈಲು ಕೇಂದ್ರ-ರಾಜ್ಯಗಳದ್ದು. ಮನೆ ಕಟ್ಟುವ ಪರವಾನಗಿ ಮಾತ್ರ 1964ರ ಪುರಸಭೆಗಳ ಕಾಯಿದೆಯಂತೆ ಊರಿನ ಕಚೇರಿಯದು - ಶಿರಾದಲ್ಲಿ ನಗರಸಭೆ, ಮಧುಗಿರಿ ಪಾವಗಡಗಳಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯತಿ. ಇಕ್ಕಟ್ಟು ಇರುವುದು ಇಲ್ಲಿಯೇ. ಸ್ಟೇಷನ್ ಬರುತ್ತದೆಂಬ ಸುದ್ದಿ ಹಬ್ಬಿದೊಡನೆ ನಿವೇಶನದ ಬೆಲೆ ಏರುವುದು ಲೋಕರೂಢಿ. ಬಯಲಿನಲ್ಲಿ ಬಡಾವಣೆ ಎದ್ದರೆ ಯಾರ ಅಡ್ಡಿಯೂ ಇಲ್ಲ. ಮಧುಗಿರಿಯ ಪೇಟೆಯಾದರೋ ಬೆಟ್ಟದ ಕಾಲಿಗೇ ಅಂಟಿಕೊಂಡು ಬೆಳೆದುದು. ಮಲ್ಲೇಶ್ವರ, ವೆಂಕಟರಮಣ ದೇವಾಲಯಗಳಿರುವ ಆ ಭಾಗದಲ್ಲಿ ತಾತನ ಕಾಲದ ಮಣ್ಣಿನ ಮನೆಯನ್ನು ಕೆಡವಿ ಎರಡು ಅಂತಸ್ತು ಕಟ್ಟಬೇಕೆಂಬ ಗೃಹಸ್ಥನಿಗೆ ಕೋಟೆಯ ಮೇಲೆ ದ್ವೇಷವೇನೂ ಇಲ್ಲ. ಮಗಳ ಮದುವೆಯೊಳಗೆ ಮನೆಯ ಸೂರು ಸೋರದಿರಲಿ ಎಂಬುದಷ್ಟೇ ಅವನ ಚಿಂತೆ. ಅವನ ಅರ್ಜಿ ಊರಿನ ಕಚೇರಿಯಿಂದ ಹೊರಟು ದೂರದ ಇಲಾಖೆಗೆ ಹೋಗಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕಾಯದೆ ಕಟ್ಟಿದರೆ ನೋಟೀಸು. ಕಾಯ್ದರೆ ಮಳೆಗಾಲ.

ಬೆಟ್ಟಕ್ಕೆ ರೋಪ್‌ವೇ ಹಾಕಬೇಕೆಂಬ ಬೇಡಿಕೆಯೂ ಮಧುಗಿರಿಯಲ್ಲಿ ಹಳೆಯದೇ. ರೈಲು ಬಂದು ಪ್ರವಾಸಿಗಳು ಹೆಚ್ಚಿದರೆ ಅದು ಇನ್ನೂ ಬಲಗೊಳ್ಳುತ್ತದೆ. ಕಡಿದಾದ ಮೆಟ್ಟಿಲುಗಳನ್ನು ಏರಲಾರದ ವಯಸ್ಸಾದವರಿಗೆ ಅನುಕೂಲವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕಂಬ ಊರುವುದು ಎಲ್ಲಿ, ಮೇಲೇರಿದ ಜನಕ್ಕೆ ನೀರು-ನೈರ್ಮಲ್ಯವೆಲ್ಲಿ, ಬಂಡೆಯ ಮೇಲಿನ ಮಳೆನೀರಿನ ದೊಣೆಗಳ ಗತಿಯೇನು ಎಂಬುದನ್ನು ಮೊದಲು ತೀರ್ಮಾನಿಸದೆ ಶಂಕುಸ್ಥಾಪನೆಯ ಕಲ್ಲು ನೆಟ್ಟರೆ, ಆ ಕಲ್ಲೂ ಒಂದು ದಿನ ಸ್ಮಾರಕವಾದೀತು.

ಶಿರಾ ಒಂದು ಸಲ ಅರಮನೆಯನ್ನೂ ತೋಟವನ್ನೂ ಕಳೆದುಕೊಂಡಿತು. ಆಗ ಕೇಳಲು ಕಾಯಿದೆಯಿರಲಿಲ್ಲ. ಈಗ ಕಾಯಿದೆಯಿದೆ, ಆದರೆ ಅದು ಹೇಳುವ ಗೆರೆ ನೆಲದ ಮೇಲೆ ಎಲ್ಲಿ ಹಾಯುತ್ತದೆಂಬುದು ಮನೆ ಕಟ್ಟುವವನಿಗೆ ತಿಳಿಯುವುದು ಸಾಮಾನ್ಯವಾಗಿ ನೋಟೀಸು ಬಂದ ಮೇಲೆ. ರೈಲುದಾರಿಗೆ ನೂರಾರು ಕೋಟಿ ಬೇಕು. ಇದಕ್ಕೆ ಬೇಕಾದುದು ಊರಿನ ಒಂದು ನಕ್ಷೆ. ಕೋಟೆಯ ಗೋಡೆಯಿಂದ ನೂರು ಮೀಟರಿಗೆ ಒಂದು ಕೆಂಪು ಗೆರೆ, ಮುನ್ನೂರು ಮೀಟರಿಗೆ ಇನ್ನೊಂದು. ಮುಂದೆ ಬರುವ ಸ್ಟೇಷನ್ನಿಗೆ ಒಂದು ಗುರುತು, ಅಲ್ಲಿಂದ ಪೇಟೆಗೆ ಬರುವ ರಸ್ತೆಗೆ ಇನ್ನೊಂದು. ಪರವಾನಗಿಗಾಗಿ ಅರ್ಜಿ ಹಿಡಿದು ಬಂದವರು ಸಾಲಿನಲ್ಲಿ ನಿಲ್ಲುವ ಗೋಡೆಯ ಮೇಲೆಯೇ ಅದನ್ನು ತೂಗುಹಾಕಲು ನಾಲ್ಕು ಊರಿನ ಕಚೇರಿಗಳಲ್ಲಿಯೂ ಜಾಗವುಂಟು.